ಅಷ್ಟು ವರ್ಷ ಅವನು ಏನ್ ಮಾಡ್ದ?

ಈ ಸಲದ ಸಂಚಿಕೆಗೆ "ಕ್ರಿಕೆಟ್ ಬಗ್ಗೆ ಏನಾದ್ರೂ ಬರಿ" ಅಂತ ಸಂಪಾದಕಿ ಅಕ್ಕ ಮೆಸೇಜ್ ಹಾಕಿದಾಗ ಎಲ್ಲರೂ ಅಂದುಕೊಂಡದ್ದು ಆರ್‌ಸಿಬಿ ಬಗ್ಗೆ ಬರೀತಾನೆ ಅಂತಲೇ. ಅದನ್ನು ಬರೆಯೋಕೆ ನಮ್ಮ ಗುಂಪಿನಲ್ಲಿ ಇನ್ನೂ ನಲವತ್ತು ಜನ ಇದ್ದಾರೆ, ಬಿಡಿ. ನಾನು ಬರೆಯಲು ಹೊರಟಿರೋದು ನಿಮ್ಮಲ್ಲಿ ತೊಂಬತ್ತು ಭಾಗ ಜನ ಹೆಸರೇ ಕೇಳಿರದ ಒಬ್ಬ ಬೌಲರ್ ಬಗ್ಗೆ. ಹೆಸರು ಗ್ಲೆನ್ ಚಾಪಲ್. ಲ್ಯಾಂಕಾಶೈರ್ ಕೌಂಟಿಗೆ 1992ರಿಂದ 2015ರವರೆಗೆ ವೇಗದ ಬೌಲಿಂಗ್ ಮಾಡಿದವನು. ಒಂದೂ ಟೆಸ್ಟ್ ಆಡದವನು.

(ಏಕವಚನಕ್ಕೆ ಕ್ಷಮೆ ಇರಲಿ. ನಾವು ಕ್ರಿಕೆಟಿಗರನ್ನು ಮಾತಾಡೋದೇ ಹಾಗಲ್ಲವಾ? ದ್ರಾವಿಡ್ ನಿಂತ, ಶ್ರೀನಾಥ್ ಹಾಕಿದ. ಅದು ಅಗೌರವ ಅಲ್ಲ, ಮನೆಯವರು ಅನ್ನೋ ಸಲಿಗೆ.)

ಮ್ಯಾಂಚೆಸ್ಟರ್‌ಗೆ ಬಂದ ಮೊದಲ ವರ್ಷ, ಡೆಡ್‌ಲೈನ್ ಒಂದರಿಂದ ತಪ್ಪಿಸಿಕೊಳ್ಳೋಕೆ ಟ್ರಾಮ್ ಹತ್ತಿ ಓಲ್ಡ್ ಟ್ರಾಫರ್ಡ್‌ಗೆ ಹೋಗಿದ್ದೆ. ಕೌಂಟಿ ಮ್ಯಾಚು, ನಾಲ್ಕು ದಿನದ್ದು. ಸಾವಿರಾರು ಜನ ಕೂರುವ ಕ್ರೀಡಾಂಗಣದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಕಾಲ ಮೇಲೆ ಕಂಬಳಿ, ಪಕ್ಕದಲ್ಲಿ ಫ್ಲಾಸ್ಕು, ತೊಡೆ ಮೇಲೆ ಸ್ಕೋರ್‌ಬುಕ್ಕು ಇಟ್ಟುಕೊಂಡ ಹಿರಿಯರು. ನನ್ನ ಪಕ್ಕ ಕೂತಿದ್ದ ಅಜ್ಜ ಒಬ್ಬರು ನಾನು ಇಂಡಿಯಾದವನು ಅಂತ ಗೊತ್ತಾದ ಕೂಡಲೇ ಲಕ್ಷ್ಮಣ್ ಬಗ್ಗೆ ಕೇಳಿದರು (ವಿವಿಎಸ್ ಇಲ್ಲಿ ಲ್ಯಾಂಕಾಶೈರ್‌ಗೆ ಆಡಿದ್ದ), ಆಮೇಲೆ ಚಾಪಲ್ ಬಗ್ಗೆ ಶುರು ಮಾಡಿದವರು ಊಟದ ವಿರಾಮದವರೆಗೂ ನಿಲ್ಲಿಸಲಿಲ್ಲ. ಆಂಡರ್ಸನ್ ಹೆಸರು ಒಮ್ಮೆ ಬಂತು, ಫ್ಲಿಂಟಾಫ್ ಹೆಸರು ಎರಡು ಸಲ ಬಂತು. ಉಳಿದದ್ದೆಲ್ಲ ಚಾಪಲ್.

ಆ ರಾತ್ರಿ ದಾವಣಗೆರೆಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅಪ್ಪ ಸುಮ್ಮನೆ ಕೇಳಿಸಿಕೊಂಡು, ಕೊನೆಗೆ, "ಅಲ್ಲಪ್ಪಾ, ಟೆಸ್ಟೇ ಆಡಿಲ್ಲ ಅಂದ್ರೆ ಅಷ್ಟು ವರ್ಷ ಅವ್ನು ಏನ್ ಮಾಡ್ದ?" ಅಂದರು.

ಒಂದೇ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟ ಮೇಷ್ಟ್ರು ಕೇಳಿದ ಪ್ರಶ್ನೆ ಇದು. ನನಗೆ ನಗು ಬಂತು, ಹೇಳಲಿಲ್ಲ. ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಈ ಲೇಖನ ಅದಕ್ಕೆ ಉತ್ತರ ಅಂತ ಇಟ್ಟುಕೊಳ್ಳಿ.

ಚಾಪಲ್ ಹುಟ್ಟಿದ್ದು 1974ರ ಜನವರಿಯಲ್ಲಿ, ಸ್ಕಿಪ್ಟನ್ ಎಂಬ ಊರಲ್ಲಿ. ಸ್ಕಿಪ್ಟನ್ ಇರೋದು ಯಾರ್ಕ್‌ಶೈರ್‌ನಲ್ಲಿ. ಲ್ಯಾಂಕಾಶೈರ್ ಮತ್ತು ಯಾರ್ಕ್‌ಶೈರ್ ಅಂದರೆ ಏನು ಅಂತ ಇಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ; ಕೆಂಪು ಗುಲಾಬಿ, ಬಿಳಿ ಗುಲಾಬಿ, ಐನೂರು ವರ್ಷದ ಹಗೆ, ಈಗಲೂ ಪಬ್ಬಿನಲ್ಲಿ ಮುಂದುವರಿದಿದೆ. ಹಾಗೆ ಆ ಕಡೆ ಹುಟ್ಟಿದ ಕೆಂಪುಗೂದಲ ಹುಡುಗ ಹದಿನೆಂಟಕ್ಕೆ ಈ ಕಡೆ ಬಂದು ಆಡಲು ಶುರು ಮಾಡಿದ. ಆಗ ಲ್ಯಾಂಕಾಶೈರ್ ತಂಡದಲ್ಲಿ ಇದ್ದದ್ದು ಯಾರು? ವಾಸಿಂ ಅಕ್ರಮ್. ಅಂಥವನು ಒಂದು ತುದಿಯಿಂದ ಎಸೆಯುವಾಗ ಇನ್ನೊಂದು ತುದಿಯಲ್ಲಿ ಹತ್ತೊಂಬತ್ತು ವರ್ಷದವನಾಗಿ ಬೌಲಿಂಗ್ ಕಲಿಯೋದು ಅಂದರೆ, ಭೀಮಸೇನ ಜೋಶಿ ಪಕ್ಕ ತಂಬೂರಿ ಹಿಡಿದು ಕೂತ ಹಾಗೆ. ಸುಮ್ಮನೆ ಕೂತರೂ ಏನೋ ಕಿವಿಗೆ ಬಿದ್ದೇ ಬೀಳುತ್ತೆ.

1993ರಲ್ಲಿ ಗ್ಲಾಮೊರ್ಗನ್ ವಿರುದ್ಧ 21 ನಿಮಿಷದಲ್ಲಿ ಶತಕ ಹೊಡೆದ. 27 ಎಸೆತ! ಹಾಗಂತ ಹಾರಾಡಬೇಡಿ. ಎದುರಾಳಿಗಳು ಬೇಗ ಡಿಕ್ಲೇರ್ ಮಾಡಿಸಲಿಕ್ಕಾಗಿ ಬೇಕಂತಲೇ ಸುಲಭದ ಚೆಂಡು ಎಸೆದ ಶತಕ ಅದು, ದಾಖಲೆ ಪುಸ್ತಕಗಳು ಅದನ್ನು ಬೇರೆ ಪಂಕ್ತಿಯಲ್ಲಿ ಕೂರಿಸುತ್ತವೆ. ನನಗೆ ಮಾತ್ರ ಇಷ್ಟ ಆಗೋದು ಈ ಸಂಗತಿಯಲ್ಲಿರುವ ತಮಾಷೆ. ಬೌಲರ್ ಒಬ್ಬನ ವೃತ್ತಿ ಜೀವನದಲ್ಲಿ ಮೊದಲು ಸುದ್ದಿಯಾದದ್ದು ಅವನ ಬ್ಯಾಟಿಂಗು, ಅದೂ ಲೆಕ್ಕಕ್ಕಿಲ್ಲದ ಬ್ಯಾಟಿಂಗು.

ಲೆಕ್ಕಕ್ಕೆ ಸಿಕ್ಕಿದ್ದು 1996ರ ಸೆಪ್ಟೆಂಬರ್‌ನಲ್ಲಿ. ಲಾರ್ಡ್ಸ್‌ನಲ್ಲಿ ನ್ಯಾಟ್‌ವೆಸ್ಟ್ ಟ್ರೋಫಿ ಫೈನಲ್, ಎದುರಿಗೆ ಎಸೆಕ್ಸ್. ಲ್ಯಾಂಕಾಶೈರ್ ತೆವಳಿಕೊಂಡು 186 ಮಾಡಿತು. 60 ಓವರುಗಳ ಪಂದ್ಯದಲ್ಲಿ 186 ಅಂದರೆ ಅರ್ಧ ಸೋತ ಹಾಗೆ. ಆಮೇಲೆ ಎಸೆಕ್ಸ್ ಇಳಿದು 57ಕ್ಕೆ ಆಲೌಟ್. ಚಾಪಲ್ 18 ರನ್ ಕೊಟ್ಟು 6 ವಿಕೆಟ್. ವಯಸ್ಸು ಇಪ್ಪತ್ತೆರಡು. ಅಷ್ಟರಲ್ಲಾಗಲೇ ಇಂಗ್ಲೆಂಡ್ 'ಎ' ತಂಡದ ಪ್ರವಾಸಕ್ಕೂ ಹೋಗಿಬಂದಿದ್ದ. ಇನ್ನೇನು, ಇವತ್ತೋ ನಾಳೆಯೋ ಟೆಸ್ಟ್ ತಂಡಕ್ಕೆ ಅಂತ ಎಲ್ಲರೂ ಅಂದುಕೊಂಡರು.

ನಾಳೆ ಬರಲಿಲ್ಲ. ವರ್ಷ ಏಳಾಯಿತು. 2003ರ ಬೇಸಿಗೆಯಲ್ಲಿ, ದಕ್ಷಿಣ ಆಫ್ರಿಕಾ ಸರಣಿಗೆ, ಟೆಸ್ಟ್ ಸ್ಕ್ವಾಡ್‌ಗೆ ಕರೆ ಬಂತು. ಹನ್ನೊಂದರ ಪಟ್ಟಿಯಲ್ಲಿ ಹೆಸರಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತೀವಲ್ಲ, ಅಕ್ಷರಶಃ ಅದೇ.

ಇನ್ನೂ ಮೂರು ವರ್ಷ. 2006ರ ಜೂನ್ 13, ಬೆಲ್‌ಫಾಸ್ಟ್. ಐರ್ಲೆಂಡಿನ ಮೊಟ್ಟಮೊದಲ ಏಕದಿನ ಪಂದ್ಯ, ಎದುರಿಗೆ ಇಂಗ್ಲೆಂಡ್. ಮೂವತ್ತೆರಡನೇ ವಯಸ್ಸಿಗೆ ಚಾಪಲ್‌ಗೆ ಇಂಗ್ಲೆಂಡ್ ಕ್ಯಾಪ್ ಸಿಕ್ಕಿತು. (ಅದೇ ದಿನ ಎಡ್ ಜಾಯ್ಸ್ ಎಂಬ ಐರಿಷ್ ಹುಡುಗ ಇಂಗ್ಲೆಂಡ್ ಪರ ಐರ್ಲೆಂಡ್ ವಿರುದ್ಧವೇ ಮೊದಲ ಪಂದ್ಯ ಆಡಿದ, ಮುಂದೆ ಐರ್ಲೆಂಡ್‌ಗೇ ವಾಪಸ್ ಹೋಗಿ ಆಡಿದ. ಪಾಸ್‌ಪೋರ್ಟ್, ವೀಸಾ, ಯಾವ ದೇಶ ನಮ್ಮದು ಅಂತ ತಲೆಕೆಡಿಸಿಕೊಂಡವರು ಆ ಕಥೆ ಓದಬೇಕು. ಇನ್ನೊಂದು ಸಂಚಿಕೆಗೆ.) ಚಾಪಲ್ ಬ್ಯಾಟ್ ಹಿಡಿದು 14 ರನ್ ಮಾಡಿದ. ಬೌಲಿಂಗ್‌ನಲ್ಲಿ 4 ಓವರ್ ಹಾಕಿದ, 14 ರನ್ ಕೊಟ್ಟ. ಪಕ್ಕೆ ಸ್ನಾಯು ಹಿಡಿದುಕೊಂಡಿತು. ಹೊರಗೆ ನಡೆದ.

ಅಷ್ಟೇ. ಇಂಗ್ಲೆಂಡ್ ಪರ ಅವನ ಇಡೀ ಅಂತರರಾಷ್ಟ್ರೀಯ ಜೀವನ ಇಷ್ಟೇ, 24 ಎಸೆತ. ನೀವು ಕ್ರಿಕೆಟ್ ವೆಬ್‌ಸೈಟಲ್ಲಿ ಅವನ ಪುಟ ತೆರೆದರೆ ಮೇಲಿನ ಸಾಲಿನಲ್ಲಿ ಕಾಣೋದು ಅದೇ: ಏಕದಿನ ಪಂದ್ಯ 1, ವಿಕೆಟ್ 0. ನಮ್ಮಲ್ಲಿ ಯಾರಾದರೂ ಅಷ್ಟು ನೋಡಿ ಪುಟ ಮುಚ್ಚಿದರೆ ಅವರ ತಪ್ಪಲ್ಲ. ಪುಟದ ವಿನ್ಯಾಸವೇ ಹಾಗಿದೆ. ಅದರ ಕೆಳಗಿನ ಸಾಲು ನೋಡಬೇಕು: ಪ್ರಥಮ ದರ್ಜೆ ಪಂದ್ಯ 315, ವಿಕೆಟ್ 985. ಜೊತೆಗೆ ಎಂಟು ಸಾವಿರಕ್ಕೂ ಮೇಲೆ ರನ್ನು, ಶತಕ ಆರು.

ಚಾಪಲ್ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದೆಲ್ಲ ಸಾಮಾನ್ಯವಾಗಿ ಒಂದೇ ವಾಕ್ಯದಿಂದ ಶುರುವಾಗುತ್ತೆ: ಟೆಸ್ಟ್ ಆಡದವರಲ್ಲೇ ಅತ್ಯುತ್ತಮ ಬೌಲರ್. ಹೊಗಳಿಕೆಯ ವೇಷ ಹಾಕಿದ ಅಯ್ಯೋ ಪಾಪ ಇದು. ನನ್ನ ತಕರಾರು ಇರೋದು ಇಲ್ಲೇ. ಇಪ್ಪತ್ತಮೂರು ವರ್ಷ ಒಬ್ಬ ಮಾಡಿದ ಕೆಲಸವನ್ನು ಅವನು ಮಾಡದ ಒಂದು ಕೆಲಸದ ಹೆಸರಲ್ಲಿ ಕರೆಯೋದು ಯಾವ ನ್ಯಾಯ? ನಮ್ಮಜ್ಜಿಯನ್ನು ಯಾರೂ "ಹೋಟೆಲ್ ಇಡದವರಲ್ಲೇ ಅತ್ಯುತ್ತಮ ಅಡುಗೆಯವರು" ಅಂತ ಪರಿಚಯ ಮಾಡಿಕೊಟ್ಟಿಲ್ಲ.

ಹಾಗಾದರೆ ಅವನಿಗೆ ಅನ್ಯಾಯ ಆಗಿಲ್ಲವಾ? ಆಗಿದೆ. ನಾನು ಇಲ್ಲಿ 'ಆದದ್ದೆಲ್ಲ ಒಳಿತೇ' ಅಂತ ಹಾಡಲಿಕ್ಕೆ ಬಂದಿಲ್ಲ. ತೊಂಬತ್ತರ ದಶಕದ ಇಂಗ್ಲೆಂಡ್ ಆಯ್ಕೆದಾರರು ಬೌಲರ್‌ಗಳನ್ನು ಬಟ್ಟೆ ಬದಲಾಯಿಸಿದ ಹಾಗೆ ಬದಲಾಯಿಸುತ್ತಿದ್ದರು. ಒಂದು ಟೆಸ್ಟ್, ಎರಡು ಟೆಸ್ಟ್ ಆಡಿಸಿ ಮನೆಗೆ ಕಳಿಸಿದವರ ಪಟ್ಟಿ ಉದ್ದ ಇದೆ. ಅಷ್ಟು ಜನಕ್ಕೆ ಬಾಗಿಲು ತೆರೆದವರು ಇವನಿಗೆ ತೆರೆಯಲಿಲ್ಲ. ಆಮೇಲೆ 2000ದಿಂದ ಮಂಡಳಿಯೇ ಆಟಗಾರರನ್ನು ಗುತ್ತಿಗೆಗೆ ತೆಗೆದುಕೊಳ್ಳುವ ಪದ್ಧತಿ ಬಂತು, ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ ಅನ್ನುವ ಹಾಗಾಯಿತು. ಚಾಪಲ್ ಅತಿ ವೇಗದವನಲ್ಲ, ಚೆಂಡನ್ನು ಸ್ವಿಂಗ್ ಮಾಡಿ, ಸೀಮ್ ಮೇಲೆ ಬೀಳಿಸಿ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾಕುವವನು. ವೇಗದ ಹುಡುಕಾಟದಲ್ಲಿದ್ದವರ ಕಣ್ಣಿಗೆ ಅಂಥವರು ಬೀಳೋದು ಕಷ್ಟ. ಜೊತೆಗೆ ಸರಿಯಾದ ಹೊತ್ತಿಗೆ ಗಾಯ. ಇದೆಲ್ಲ ನಿಜ. ಅವನನ್ನು ಆಡಿಸಬೇಕಿತ್ತು.

ಆದರೆ ಇದು ಆಯ್ಕೆದಾರರ ಕಥೆ. ಅವನ ಕಥೆ ಬೇರೆ.

ಅವನು ಮಾಡಿದ್ದೇನು ಅಂತ ಕೇಳಿದರೆ ಮೊದಲು ಸೀಮ್ ಬೌಲಿಂಗ್ ಅಂದರೆ ಏನು ಅಂತ ನೋಡಬೇಕು. ಏಪ್ರಿಲ್ ತಿಂಗಳು ಅಂತ ಇಟ್ಟುಕೊಳ್ಳಿ. ನಾವು ಎರಡು ಜಾಕೆಟ್ ಹಾಕಿಕೊಂಡು ಲೈಬ್ರರಿಗೆ ಹೋಗುವ ಚಳಿ. ಪಿಚ್ಚಲ್ಲಿ ತೇವ ಇರುತ್ತೆ, ಡ್ಯೂಕ್ ಚೆಂಡಿನ ಹೊಲಿಗೆ ಉಬ್ಬಿರುತ್ತೆ, ಬೌಲರ್‌ಗೆ ಅನುಕೂಲ. ಆದರೆ ಅದೇ ಬೌಲರ್ ಜುಲೈ ತಿಂಗಳಲ್ಲಿ, ಒಣಗಿದ ಪಿಚ್ಚಲ್ಲಿ, ಎದುರಾಳಿ 300ಕ್ಕೆ 2 ಇರುವಾಗ, ಸಂಜೆ ಐದಕ್ಕೆ ಮತ್ತೆ ಚೆಂಡು ಕೈಗೆ ತಗೋಬೇಕು. ದಿನಕ್ಕೆ ಹದಿನೆಂಟು ಇಪ್ಪತ್ತು ಓವರ್. ಪ್ರತಿ ಎಸೆತಕ್ಕೂ ಮುಂಗಾಲು ನೆಲಕ್ಕೆ ಅಪ್ಪಳಿಸಬೇಕು, ದೇಹದ ತೂಕದ ಎಷ್ಟೋ ಪಟ್ಟು ಭಾರ ಮೊಣಕಾಲಿಗೆ. ಪಂದ್ಯ ಮುಗಿದ ರಾತ್ರಿಯೇ ಕಾರು ಹತ್ತಿ ಮೋಟರ್‌ವೇ ಹಿಡಿದು ಇನ್ನೊಂದು ಊರು. ಹೋವ್, ಟಾಂಟನ್, ಚೆಸ್ಟರ್ ಲಿ ಸ್ಟ್ರೀಟ್. ಗಾಣದೆತ್ತು ಅಂತೀವಲ್ಲ, ಆ ಕೆಲಸ. ಅವನು ಶುರು ಮಾಡಿದ 1992ರಲ್ಲಿ ಕೌಂಟಿ ಚಾಂಪಿಯನ್‌ಶಿಪ್ಪಿನಲ್ಲಿ ಒಂದು ತಂಡಕ್ಕೆ 22 ಪಂದ್ಯ ಇದ್ದವು. ಮಾರನೇ ವರ್ಷ ಎಲ್ಲ ನಾಲ್ಕು ದಿನದ ಪಂದ್ಯ ಮಾಡಿ 17ಕ್ಕೆ ಇಳಿಸಿದರು. ಆಮೇಲೆ 16. ಈಗ 14.

ಮತ್ತೆ ಒಂದು ಮಾತು. ಇಷ್ಟು ಮಾಡಿಯೂ ತಂಡ ಗೆಲ್ಲುತ್ತಿರಲಿಲ್ಲ! ಒಂದು ದಿನದ ಕಪ್ಪುಗಳು ಬಂದವು, ಸಾಕಷ್ಟು ಬಂದವು. ಚಾಂಪಿಯನ್‌ಶಿಪ್ ಮಾತ್ರ ಇಲ್ಲ. 1998, 1999, 2003, 2006, ನಾಲ್ಕು ಸಲ ಎರಡನೇ ಸ್ಥಾನ. 2007ರ ಕೊನೆಯ ಪಂದ್ಯದಲ್ಲಿ, ಲಂಡನ್ನಿನ ಓವಲ್‌ನಲ್ಲಿ, ಸರ್ರೆ ವಿರುದ್ಧ ಗೆದ್ದರೆ ಪ್ರಶಸ್ತಿ. ಗುರಿ 489. ಹುಚ್ಚು ಗುರಿ. ನಮ್ಮ ಲಕ್ಷ್ಮಣ್ ಶತಕ ಹೊಡೆದ. 464ಕ್ಕೆ ಆಲೌಟ್, 24 ರನ್ನಿನಿಂದ ಸೋಲು. ಆ ಅಜ್ಜ ನನಗೆ ಇದನ್ನು ಹೇಳುವಾಗ ಸ್ಕೋರ್‌ಬುಕ್ ಮುಚ್ಚಿ ಪಕ್ಕಕ್ಕಿಟ್ಟಿದ್ದರು. ಲ್ಯಾಂಕಾಶೈರ್ ಕೊನೆಯ ಸಲ ಒಂಟಿಯಾಗಿ ಚಾಂಪಿಯನ್ ಆಗಿದ್ದದ್ದು 1934ರಲ್ಲಿ, 1950ರಲ್ಲಿ ಸರ್ರೆ ಜೊತೆ ಹಂಚಿಕೊಂಡಿತ್ತು. ಅಷ್ಟೇ. ಬ್ರಯಾನ್ ಸ್ಟೇಥಮ್ ಈ ಕೌಂಟಿಗೆ 1,816 ವಿಕೆಟ್ ತೆಗೆದುಕೊಟ್ಟ ಮಹಾರಾಯ, ಅವನಿಗೂ ಒಂಟಿ ಪ್ರಶಸ್ತಿ ಸಿಗಲಿಲ್ಲ.

2009ರಲ್ಲಿ ಚಾಪಲ್ ನಾಯಕನಾದ. ವೇಗದ ಬೌಲರ್, ಮೂವತ್ತೈದು ವಯಸ್ಸು, ಎರಡೂ ನಾಯಕತ್ವಕ್ಕೆ ಯಾರೂ ಶಿಫಾರಸು ಮಾಡದ ಗುಣಗಳು. 2011 ಬರುವಷ್ಟರಲ್ಲಿ ಕ್ಲಬ್ಬಿನ ಸ್ಥಿತಿ ಹೇಗಿತ್ತು ಅಂದರೆ, ದುಡ್ಡಿಲ್ಲ, ಮೈದಾನವೂ ಇಲ್ಲ. ಓಲ್ಡ್ ಟ್ರಾಫರ್ಡ್ ರಿಪೇರಿ ನಡೀತಿತ್ತು, ಪಿಚ್ಚನ್ನು ತೊಂಬತ್ತು ಡಿಗ್ರಿ ತಿರುಗಿಸಿದ್ದರು. ಯಾಕೆ ಗೊತ್ತಾ? ಮೊದಲಿನ ಪಿಚ್ಚಲ್ಲಿ ಸಂಜೆ ಸೂರ್ಯ ಬ್ಯಾಟ್ಸ್‌ಮನ್ ಕಣ್ಣಿಗೆ ಹೊಡೆದು ಆಟ ನಿಲ್ಲುತ್ತಿತ್ತು. ಮ್ಯಾಂಚೆಸ್ಟರ್‌ನಲ್ಲಿ ಬಿಸಿಲು ಜಾಸ್ತಿಯಾಗಿ ಆಟ ನಿಂತದ್ದು! ನಾವು ಇಲ್ಲಿ ಬಂದ ಮೇಲೆ ಸೂರ್ಯನ್ನ ಎಷ್ಟು ಸಲ ನೋಡಿದ್ದೇವೆ ಅಂತ ಬೆರಳಲ್ಲಿ ಎಣಿಸಬಹುದು, ಅದಿರಲಿ. ಹಾಗಾಗಿ ಆ ವರ್ಷ ತವರಿನ ಪಂದ್ಯಗಳು ಲಿವರ್‌ಪೂಲ್‌ನ ಏಗ್‌ಬರ್ತ್ ಮೈದಾನದಲ್ಲಿ, ಕೆಲವು ಸೌತ್‌ಪೋರ್ಟ್, ಬ್ಲ್ಯಾಕ್‌ಪೂಲ್‌ನಲ್ಲಿ. ದೊಡ್ಡ ಹೆಸರಿನವರು ತಂಡದಲ್ಲಿ ಇಲ್ಲ, ಹೆಚ್ಚಿನವರು ಲೋಕಲ್ ಹುಡುಗರು. ಪಂಡಿತರು ಈ ತಂಡ ಕೆಳಗಿನ ಡಿವಿಷನ್‌ಗೆ ಬೀಳುತ್ತೆ ಅಂತ ಭವಿಷ್ಯ ಹೇಳಿದ್ದರು.

ಸೆಪ್ಟೆಂಬರ್ 15, ಟಾಂಟನ್, ಕೊನೆಯ ದಿನ. ಚಾಪಲ್‌ಗೆ ಮೂವತ್ತೇಳು. ತೊಡೆಯ ಹಿಂದಿನ ಸ್ನಾಯು ಕೈಕೊಟ್ಟಿತ್ತು. ಕುಂಟಿಕೊಂಡೇ ಬೌಲಿಂಗ್ ಮಾಡಿದ. ಸಾಮರ್‌ಸೆಟ್ ಆಲೌಟ್ ಆಗಿ, ಲ್ಯಾಂಕಾಶೈರ್‌ಗೆ 34 ಓವರಲ್ಲಿ 211 ಬೇಕಾಯಿತು. ಆರಂಭಿಕ ಜೋಡಿ ನೂರಕ್ಕೂ ಮೇಲೆ ಸೇರಿಸಿತು. ಕೊನೆಗೆ ಕ್ರಾಫ್ಟ್ ಮತ್ತು ಬ್ರೌನ್ ಮುಗಿಸಿದರು. ಅತ್ತ ಹ್ಯಾಂಪ್‌ಶೈರ್ ವಿರುದ್ಧ ಗೆಲ್ಲಬೇಕಿದ್ದ ವಾರ್ವಿಕ್‌ಶೈರ್‌ಗೆ ಗೆಲ್ಲಲಾಗಲಿಲ್ಲ. 77 ವರ್ಷದ ನಂತರ ಲ್ಯಾಂಕಾಶೈರ್ ಒಂಟಿ ಚಾಂಪಿಯನ್. ಆ ಸೀಸನ್ನಿನಲ್ಲಿ ನಾಯಕನ ವಿಕೆಟ್ಟು 57.

ವಿಸ್ಡನ್ ಮರುವರ್ಷ ಅವನನ್ನು ವರ್ಷದ ಐವರು ಕ್ರಿಕೆಟಿಗರಲ್ಲಿ ಒಬ್ಬ ಅಂತ ಆರಿಸಿತು. ಆ ಐವರಲ್ಲಿ ಸಂಗಕ್ಕಾರ ಇದ್ದ, ಅಲಸ್ಟೇರ್ ಕುಕ್ ಇದ್ದ. ಮತ್ತೆ ವೂಸ್ಟರ್‌ಶೈರ್‌ನ ಅಲನ್ ರಿಚರ್ಡ್‌ಸನ್ ಇದ್ದ. ಅವನೂ ಕೌಂಟಿ ವೇಗದ ಬೌಲರ್, ಅವನಿಗೂ ಮೂವತ್ತಾರು ದಾಟಿತ್ತು, ಅವನೂ ಇಂಗ್ಲೆಂಡ್‌ಗೆ ಟೆಸ್ಟ್ ಆಡಲಿಲ್ಲ. ವಿಸ್ಡನ್‌ನವರಿಗೆ ಆ ವರ್ಷ ಯಾಕೋ ಒಳ್ಳೇ ಬುದ್ಧಿ ಬಂದಿತ್ತು ಅಂತ ನನ್ನ ಅಭಿಪ್ರಾಯ.

ಕಥೆ ಇಲ್ಲಿಗೆ ನಿಂತಿದ್ದರೆ ಸಿನಿಮಾ ಆಗುತ್ತಿತ್ತು. ಮರುವರ್ಷ, 2012ರಲ್ಲಿ, ಅದೇ ಚಾಂಪಿಯನ್ನರು ಎರಡನೇ ಡಿವಿಷನ್‌ಗೆ ಬಿದ್ದರು. 2013ರಲ್ಲಿ ಮೇಲೆ ಬಂದರು. 2014ರಲ್ಲಿ ಮತ್ತೆ ಬಿದ್ದರು. ಚಾಪಲ್ ಬೌಲಿಂಗ್ ಮಾಡುತ್ತಲೇ ಇದ್ದ. 2015ರಲ್ಲಿ ಹೆಚ್ಚು ಆಡಲಿಲ್ಲ, ನಲವತ್ತೊಂದಕ್ಕೆ ನಿಲ್ಲಿಸಿದ. 985ಕ್ಕೆ. ಸಾವಿರಕ್ಕೆ ಹದಿನೈದು ಕಮ್ಮಿ. ಆಮೇಲೆ 2017ರಿಂದ ಅದೇ ಲ್ಯಾಂಕಾಶೈರ್‌ಗೆ ಏಳು ಸೀಸನ್ ಮುಖ್ಯ ಕೋಚ್.

ಅವನ ಜೊತೆಯೇ ಇದೇ ತಂಡದಲ್ಲಿ ಬೆಳೆದ ಬರ್ನ್‌ಲಿಯ ಹುಡುಗ ಜೇಮ್ಸ್ ಆಂಡರ್ಸನ್ 2021ರ ಜುಲೈ 5ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಕೆಂಟ್ ವಿರುದ್ಧ 19 ರನ್ನಿಗೆ 7 ವಿಕೆಟ್ ಕಿತ್ತು ಸಾವಿರ ಮುಟ್ಟಿದ. ಆಗ ಲ್ಯಾಂಕಾಶೈರ್ ಕೋಚ್ ಯಾರು? ಚಾಪಲ್. ಆ ಹೊತ್ತಿಗೆ ಅವನ ಮನಸ್ಸಲ್ಲಿ ಏನಿತ್ತು ಅಂತ ಊಹೆ ಮಾಡಿ ಬರೆಯುವ ಹಕ್ಕು ನನಗಿಲ್ಲ. ನಾನಾಗಿದ್ದರೆ ಒಂದು ಕ್ಷಣ ಹೊಟ್ಟೆ ಉರಿಯುತ್ತಿತ್ತು.

ಈಗ ನಮ್ಮ ಕಡೆಗೆ ಬರೋಣ. ಯಾಕೆಂದರೆ ಅಪ್ಪನ ಪ್ರಶ್ನೆ ಬರೀ ಅಪ್ಪನದಲ್ಲ.

ನಾನು ದಾವಣಗೆರೆಯವನು. ನಮ್ಮೂರಿನ ವಿನಯ್ ಕುಮಾರ್ ಬಗ್ಗೆ ಮಾತು ಬಂದಾಗಲೆಲ್ಲ ಬೆಂಗಳೂರಿನ ಗೆಳೆಯರು ಪರ್ತ್ ಟೆಸ್ಟ್ ತೆಗೀತಾರೆ. 2012ರ ಜನವರಿ, ಒಂದೇ ಟೆಸ್ಟ್, 13 ಓವರ್, 73 ರನ್, 1 ವಿಕೆಟ್. ವಾರ್ನರ್ ಬಾರಿಸುತ್ತಿದ್ದ ದಿನ. ಅದನ್ನಿಟ್ಟುಕೊಂಡು ಇವತ್ತಿಗೂ ನಗ್ತಾರೆ. ಅದೇ ವಿನಯ್ ಕರ್ನಾಟಕದ ನಾಯಕನಾಗಿ 2013-14, 2014-15, ಸತತ ಎರಡು ವರ್ಷ ರಣಜಿ ಗೆದ್ದ. ಎರಡನೆಯ ಫೈನಲ್ಲಿನಲ್ಲಿ ವಾಂಖೆಡೆಯಲ್ಲಿ ತಮಿಳುನಾಡನ್ನು 134ಕ್ಕೆ ಕೆಡವಿದಾಗ 34 ರನ್ನಿಗೆ 5 ವಿಕೆಟ್ ಅವನದು, ಆಮೇಲೆ ಬ್ಯಾಟ್ ಹಿಡಿದು ಅಜೇಯ 105. ಕರುಣ್ ನಾಯರ್‌ನ 328 ಎಲ್ಲರಿಗೂ ನೆನಪಿದೆ, ಸರಿ, ಇರಬೇಕಾದ್ದೇ. ಇದು ಎಷ್ಟು ಜನಕ್ಕೆ ನೆನಪಿದೆ? ಹಿತ್ತಲ ಗಿಡ ಮದ್ದಲ್ಲ ಅಂದವರು ಸುಮ್ಮನೆ ಅಂದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಹರಿಯಾಣದ ರಾಜಿಂದರ್ ಗೋಯಲ್. ರಣಜಿಯಲ್ಲಿ 637 ವಿಕೆಟ್, ಎಡಗೈ ಸ್ಪಿನ್ನರ್, ಬೇಡಿ ಇದ್ದ ಕಾಲದಲ್ಲಿ ಹುಟ್ಟಿದ್ದೇ ತಪ್ಪು. 1974ರ ನವೆಂಬರ್‌ನಲ್ಲಿ ಬೇಡಿಯನ್ನು ಕೈಬಿಟ್ಟಾಗ ಗೋಯಲ್‌ನ ಬೆಂಗಳೂರಿಗೆ ಕರೆಸಿದರು, ನಮ್ಮ ಚಿನ್ನಸ್ವಾಮಿಯ ಮೊದಲ ಟೆಸ್ಟ್, ವೆಸ್ಟ್ ಇಂಡೀಸ್ ವಿರುದ್ಧ. ಬೆಳಿಗ್ಗೆ ಹನ್ನೊಂದರಲ್ಲಿ ಅವನಿಲ್ಲ. ಚಾಪಲ್‌ನ 2003 ಓದುವಾಗ ನನಗೆ ನೆನಪಾದದ್ದು ಇದು. ಇಲ್ಲಿ ಕೌಂಟಿ ಕ್ರಿಕೆಟ್ಟಿನಲ್ಲೇ ಗ್ಲಾಮೊರ್ಗನ್‌ನ ಡಾನ್ ಶೆಫರ್ಡ್ ಅಂತ ಒಬ್ಬ ಇದ್ದ, 2,218 ವಿಕೆಟ್, ಒಂದೂ ಟೆಸ್ಟ್ ಇಲ್ಲ. ಎರಡು ಸಾವಿರದ ಇನ್ನೂರ ಹದಿನೆಂಟು!

ಹಾಗೆ ನೋಡಿದರೆ ಕೌಂಟಿ ನಮಗೇನೂ ಪರದೇಶಿ ಅಲ್ಲ. 1995ರ ಒಂದೇ ಬೇಸಿಗೆಯಲ್ಲಿ ಮೈಸೂರಿನ ಶ್ರೀನಾಥ್ ಗ್ಲೌಸ್ಟರ್‌ಶೈರ್‌ಗೆ 87 ವಿಕೆಟ್ ತೆಗೆದ, ಬೆಂಗಳೂರಿನ ಕುಂಬ್ಳೆ ನಾರ್ಥಾಂಪ್ಟನ್‌ಶೈರ್‌ಗೆ 105. ಇಬ್ಬರೂ ಎಂಜಿನಿಯರುಗಳು, ನಮ್ಮ ಸಂಘದ ಮುಕ್ಕಾಲು ಪಾಲು ಸದಸ್ಯರ ಹಾಗೆ. ಮೊನ್ನೆ ಮೊನ್ನೆ ಭಾರತ ತಂಡದಿಂದ ಹೊರಗಿದ್ದಾಗ ಕರುಣ್ ನಾಯರ್ ಬಂದು ಆಡಿದ್ದು ಅದೇ ನಾರ್ಥಾಂಪ್ಟನ್‌ಶೈರ್‌ಗೆ, 2024ರಲ್ಲಿ ದ್ವಿಶತಕ ಹೊಡೆದದ್ದೂ ಅಲ್ಲೇ. ಭಾರತದಲ್ಲಿ ಬಾಗಿಲು ಮುಚ್ಚಿದ್ದಾಗ ಅವನಿಗೆ ಚಿಲಕ ತೆಗೆದುಕೊಟ್ಟದ್ದು ಈ ಖಾಲಿ ಕುರ್ಚಿಗಳ ಕ್ರಿಕೆಟ್ಟು.

ಇದನ್ನೆಲ್ಲ ಈಗ ಯಾಕೆ ಬರೀತಿದ್ದೇನೆ ಅಂದರೆ, ಇನ್ನೊಬ್ಬ ಚಾಪಲ್ ಬರುವ ದಾರಿ ನಮ್ಮ ಕಣ್ಣೆದುರೇ ಸಣ್ಣದಾಗುತ್ತಿದೆ. ಅಪ್ಪ ಹೇಳಿಕೊಟ್ಟ ಗಣಿತ ಉಪಯೋಗಿಸುತ್ತೇನೆ. ಚಾಪಲ್ ಪ್ರತಿ ಪಂದ್ಯಕ್ಕೆ ಸರಾಸರಿ ಮೂರು ವಿಕೆಟ್‌ಗಿಂತ ತುಸು ಜಾಸ್ತಿ ತೆಗೆದ. ಈಗಿನ 14 ಪಂದ್ಯದ ಸೀಸನ್ನಿಗೆ ಅದು ಸುಮಾರು 44 ವಿಕೆಟ್. ಒಂದೂ ಪಂದ್ಯ ತಪ್ಪಿಸದೆ, ಒಂದೂ ಗಾಯ ಆಗದೆ ಆಡಿದರೆ ಸಾವಿರಕ್ಕೆ ಇಪ್ಪತ್ತಮೂರು ವರ್ಷ ಬೇಕು. ಆ 14ನ್ನೂ ಕಡಿಮೆ ಮಾಡಬೇಕು ಅನ್ನುವ ಚರ್ಚೆ 2025ರಲ್ಲೂ ನಡೆಯಿತು. ಇರುವ ಪಂದ್ಯಗಳಲ್ಲಿ ಬಹುಪಾಲು ಏಪ್ರಿಲ್, ಮೇ ಚಳಿಗೆ ಮತ್ತು ಸೆಪ್ಟೆಂಬರ್ ಮಳೆಗೆ ತಳ್ಳಿದ್ದಾರೆ. ನಡುವಿನ ಒಳ್ಳೇ ಬಿಸಿಲು, ಶಾಲೆಗೆ ರಜೆ ಇರುವ ಆಗಸ್ಟ್, ಹಂಡ್ರೆಡ್ ಎಂಬ ನೂರು ಎಸೆತದ ಆಟಕ್ಕೆ ಮೀಸಲು.

ಆ ಹಂಡ್ರೆಡ್‌ಗೆ ದುಡ್ಡು ಹಾಕುತ್ತಿರುವವರು ಯಾರು? ಮ್ಯಾಂಚೆಸ್ಟರ್ ತಂಡದ ಹೆಚ್ಚಿನ ಪಾಲು ಈಗ ಐಪಿಎಲ್‌ನ ಲಖನೌ ತಂಡದ ಮಾಲೀಕರದು. ಲೀಡ್ಸ್ ತಂಡ ಹೈದರಾಬಾದ್ ಮಾಲೀಕರ ಕೈಯಲ್ಲಿ. ಟಿಕೆಟ್ ತಗೊಂಡು, ಡೋಲು ಹೊಡೆದು, ಮುಖಕ್ಕೆ ಬಣ್ಣ ಬಳಿದುಕೊಂಡು ಹೋಗುವವರಲ್ಲಿ ನಾವೂ ಇದ್ದೇವೆ. ನಾನೂ ಹೋಗಿದ್ದೇನೆ, ಸುಳ್ಳು ಯಾಕೆ ಹೇಳಲಿ, ಮಜಾ ಬಂತು. ಈ ದುಡ್ಡಿನಿಂದಲೇ ಕೌಂಟಿ ಕ್ಲಬ್ಬುಗಳು ಸಾಲ ತೀರಿಸಿಕೊಂಡು ಬದುಕುತ್ತವೆ ಅನ್ನೋ ವಾದವೂ ಇದೆ, ಅದರಲ್ಲಿ ಸತ್ಯ ಇದೆ. 2011ರಲ್ಲಿ ದುಡ್ಡಿಲ್ಲದೆ ಒದ್ದಾಡಿದ ಲ್ಯಾಂಕಾಶೈರ್‌ನ ಕಥೆ ಹೇಳಿದ ಮೇಲೆ ದುಡ್ಡು ಬೇಡ ಅಂತ ನಾನು ಹೇಗೆ ಹೇಳಲಿ? ಆದರೆ ಕ್ಲಬ್ ಉಳಿದು, ಕ್ಲಬ್ಬು ಇರೋದೇ ಯಾವ ಆಟಕ್ಕಾಗಿಯೋ ಆ ಆಟಕ್ಕೆ ಮಾತ್ರ ವರ್ಷದ ಕೆಟ್ಟ ವಾರಗಳು ಅಂದರೆ, ಅದು ಮನೆ ಮಾರಿ ಗೇಟು ಉಳಿಸಿಕೊಂಡ ಹಾಗೆ.

ನಮ್ಮ ಸಂಘದ ಸೀನಿಯರ್ ಒಬ್ಬರು, ಒಳ್ಳೆಯವರು, ಈ ಕರಡು ಓದಿ, "ಇದೆಲ್ಲ ಸೋತವರಿಗೆ ಸಮಾಧಾನ ಹೇಳೋ ಮಾತು ಕಣೋ" ಅಂದರು. ಎರಡು ದಿನ ಯೋಚಿಸಿದೆ. ಅವರ ಮಾತು ಒಂದು ಕಡೆ ಚುಚ್ಚಿತು. ನಮ್ಮಲ್ಲಿ ಎಷ್ಟು ಜನ ಓದು ಮುಗಿಸಿ, ಗ್ರಾಜುಯೇಟ್ ವೀಸಾದ ದಿನ ಎಣಿಸುತ್ತಾ, ದೊಡ್ಡ ಕಂಪನಿಯ ಆಫರ್ ಬಾರದೆ, ಊರಿಗೆ ಫೋನ್ ಮಾಡುವಾಗ ಧ್ವನಿ ತಗ್ಗಿಸುತ್ತೇವೆ ಅಂತ ಎಲ್ಲರಿಗೂ ಗೊತ್ತು. ಅವರಿಗೆ ಚಾಪಲ್‌ನ ಕಥೆ ಹೇಳಿ ಬೆನ್ನು ತಟ್ಟಿದರೆ ಬಾಡಿಗೆ ಕಟ್ಟಿದ ಹಾಗಾಗಲ್ಲ. ಒಪ್ಪಿದೆ.

ಆದರೆ ಚಾಪಲ್ ಸೋತವನು ಅನ್ನೋದನ್ನೇ ನಾನು ಒಪ್ಪಲ್ಲ, ಆದ್ದರಿಂದ ಸಮಾಧಾನದ ಮಾತೇ ಬರಲ್ಲ. ಬೆಲ್‌ಫಾಸ್ಟಿನ 24 ಎಸೆತದಿಂದ ಅವನನ್ನು ಅಳೆಯುವವರು ಲ್ಯಾಂಕಾಶೈರ್‌ನಲ್ಲಿ ಯಾರೂ ಇಲ್ಲ. ಆ ಅಜ್ಜ ಆ ಪಂದ್ಯದ ಹೆಸರನ್ನೂ ಎತ್ತಲಿಲ್ಲ. ನಾನೇ ಮನೆಗೆ ಬಂದು ಹುಡುಕಿದಾಗ ಸಿಕ್ಕಿದ್ದು ಅದು. ಒಂದು ಊರು, ಒಂದು ತಂಡ, ಆ ಊರಿನವರು ಎಪ್ಪತ್ತೇಳು ವರ್ಷ ಕಾದ ಒಂದು ಸಂಗತಿ, ಅದನ್ನು ಕುಂಟಿಕೊಂಡು ಹೋಗಿ ತಂದುಕೊಟ್ಟವನು. ಇಷ್ಟಕ್ಕೆ 'ಆದರೂ ಪಾಪ' ಅಂತ ಬಾಲ ಅಂಟಿಸುವ ಅಗತ್ಯ ನಮಗೆ ಯಾಕೆ ಬರುತ್ತೆ ಅಂತ ನಾನು ಆ ಅಣ್ಣನನ್ನು ಕೇಳಿದೆ. ಅವರು, "ಚಹಾ ಆರ್ತಾ ಇದೆ, ಕುಡಿ" ಅಂದರು.

ಮೊನ್ನೆ ಈ ಲೇಖನ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ, ಶ್ರೀನಾಥ್, ವಿನಯ್ ಬಂದಾಗ ಹೂಂಗುಟ್ಟಿದರು. ಮೂವತ್ತೊಂದು ವರ್ಷದ ಮೇಷ್ಟ್ರು ಬಂದಾಗ ಏನೂ ಹೇಳಲಿಲ್ಲ. ಮುಗಿದ ಮೇಲೆ, "ಅದ್ಸರಿ, 985 ಅಂದ್ಯಲ್ಲ, ಉಳಿದ ಹದಿನೈದು ಯಾಕೆ ಬಿಟ್ಟ?" ಅಂದರು.

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮುಂದಿನ ಏಪ್ರಿಲ್‌ನಲ್ಲಿ ಓಲ್ಡ್ ಟ್ರಾಫರ್ಡ್‌ಗೆ ಹೋದಾಗ ಅಜ್ಜ ಸಿಕ್ಕರೆ ಕೇಳಬೇಕು ಅಂತಿದ್ದೇನೆ. ಬರೋರು ಗುಂಪಿನಲ್ಲಿ ಹೆಸರು ಹಾಕಿ. ಚಿತ್ರಾನ್ನ ನಾನು ತರ್ತೀನಿ, ಫ್ಲಾಸ್ಕ್ ಯಾರಾದರೂ ತನ್ನಿ, ಕಂಬಳಿ ಮರೀಬೇಡಿ.